ಕವಿದುದರ ಹೆಸರು

ಕಳೆದ ಆಟಿ ತಿಂಗಳ ಒಂದು ಅಪರಾಹ್ನ, ಪಂಜದಿಂದ ಕಡಬಕ್ಕೆ ಹೋಗುವ ಮಾರ್ಗದ ಬದಿಯಲ್ಲಿರುವ ನನ್ನ ಚಿಕ್ಕಮ್ಮನ ತೋಟದ ಮನೆಯ ಜಗಲಿಯಲ್ಲಿ ಕುಳಿತು, ಮೂರು ದಿನಗಳಿಂದ ಹನಿ ಕಡಿಯದೆ ಸುರಿಯುತ್ತಿದ್ದ ಮಳೆಯನ್ನು ನೋಡುತ್ತಿದ್ದಾಗ, ಚಿಕ್ಕಮ್ಮನ ಮರಿಮಗಳು ಇಂಗ್ಲಿಷ್ ಪಾಠಪುಸ್ತಕವನ್ನು ಹಿಡಿದುಕೊಂಡು ಬಂದು, “ಅಜ್ಜ, ಗ್ಲೂಮ್ ಅಂದರೆ ಎಂತ?” ಎಂದು ಕೇಳಿದಳು. ಬೆಳಗಿನಿಂದಲೇ ಕರೆಂಟು ಇರಲಿಲ್ಲ. ಗಂಟೆ ಮೂರೂವರೆ ಆಗಿದ್ದುದಷ್ಟೆ. ಆದರೂ ಅಕ್ಷರ ಕಾಣಬೇಕಾದರೆ ಪುಸ್ತಕವನ್ನು ಜಗಲಿಯ ಅಂಚಿಗೆ, ಮಾಡಿನ ನೀರು ಸಿಡಿಯುವಷ್ಟು ಸಮೀಪಕ್ಕೆ ಹಿಡಿಯಬೇಕಾಗಿತ್ತು. ಅಭ್ಯಾಸಬಲದಿಂದ ನಾನು “ಕತ್ತಲೆ” ಎಂದೆ. “ಇಲ್ಲಿ ಅವನ ಮುಖದಲ್ಲಿ ಗ್ಲೂಮ್ ಅಂತ ಉಂಟಲ್ಲ?” ಎಂದಳು. ಹಾಗಾದರೆ ದುಃಖವೆಂದಿಟ್ಟುಕೊಳ್ಳಬಹುದು ಎಂದೆ. ಅವಳು ಪುಟವನ್ನು ಹಿಂದಕ್ಕೆ ಮಗುಚಿ, “ಇಲ್ಲಿ ಕಾಡಿನ ಒಳಗೆ ಗ್ಲೂಮ್ ಅಂತ ಉಂಟು. ಕಾಡಿಗೆ ಎಂತ ದುಃಖ ಅಜ್ಜ?” ಎಂದು ಕೇಳಿದಾಗ, ಮೂವತ್ತು ವರ್ಷ ಭಾಷೆಯನ್ನೇ ಪಾಠ ಹೇಳಿದ ನನ್ನಲ್ಲಿ ಉತ್ತರವಿರಲಿಲ್ಲ.

ಒಳಬಾಗಿಲ ಹೊಸ್ತಿಲಿನ ಪಕ್ಕದಲ್ಲಿ ಹಲಸಿನ ಬೀಜದ ಸಿಪ್ಪೆ ಸುಲಿಯುತ್ತ ಕುಳಿತಿದ್ದ ಚಿಕ್ಕಮ್ಮ, ತಲೆಯನ್ನೂ ಎತ್ತದೆ, ತನ್ನ ಹವ್ಯಕ ಮಾತಿನಲ್ಲಿ ಹೀಗೆಂದಳು: “ಕಸ್ತಲೆ ಆಯಿದಿಲ್ಲೆ, ಬೆಣಚ್ಚುದೆ ಇಲ್ಲೆ.” ಕತ್ತಲೆಯೂ ಆಗಿಲ್ಲ, ಬೆಳಕೂ ಇಲ್ಲ. ಆಕೆ ಹೇಳಿದ್ದು ಹೊರಗಿನ ಆಕಾಶದ ವಿಷಯ. ಇಂಗ್ಲಿಷಿನ ಪಾಠ ಆಕೆಯ ಕಿವಿಗೆ ಬಿದ್ದಿತ್ತೋ ಇಲ್ಲವೋ ತಿಳಿಯದು. ಆದರೆ ಆ ಪದದ ಅರ್ಥವನ್ನು ಅಷ್ಟು ಅಚ್ಚುಕಟ್ಟಾಗಿ ಹೇಳಿದ ನಿಘಂಟನ್ನು ನಾನು ಕಂಡಿಲ್ಲ.

ಆ ಇಂಗ್ಲಿಷ್ ಪದದ ಚರಿತ್ರೆ ಬಹು ರಮಣೀಯವಾದುದು. ಕತ್ತಲೆಯಿಂದ ಹೊರಟು ಮನಸ್ಸಿಗೆ ಬಂದ ಪದವಿದು, ಹೊರಗಿನ ಬೆಳಕಿನ ಕೊರತೆಯನ್ನು ಒಳಗಿನ ಸುಖದ ಕೊರತೆಗೆ ಉಪಮಾನವಾಗಿ ಮಾಡಿಕೊಂಡುದರ ಫಲವಿದು ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ವಸ್ತುಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿಪರೀತವಾಗಿದೆ. ಹದಿನಾಲ್ಕನೆಯ ಶತಮಾನದ ಸುಮಾರಿನ ಇಂಗ್ಲಿಷಿನಲ್ಲಿ ಅದು ಒಂದು ಕ್ರಿಯಾಪದವಾಗಿ, ಹುಬ್ಬುಗಂಟಿಕ್ಕು, ಮುಖ ಸಿಂಡರಿಸು, ಮೋರೆ ಬಿಗಿದುಕೊಂಡು ನೋಡು ಎಂಬ ಅರ್ಥದಲ್ಲಿ ಕಾಣಿಸಿಕೊಂಡಿತು. ಅದರಿಂದ ಹುಟ್ಟಿದ ವಿಶೇಷಣವು ಶೇಕ್ಸ್‌ಪಿಯರನ ಕಾಲಕ್ಕೆ ಅರಣ್ಯವನ್ನು ವರ್ಣಿಸುವುದಕ್ಕೂ ಸಲ್ಲುವಂತಾಗಿದ್ದಿತು. ನಾಮಪದಕ್ಕೆ ಕತ್ತಲೆಯೆಂಬ ಅರ್ಥ ನೆಲೆಗೊಂಡುದು ಹದಿನೇಳನೆಯ ಶತಮಾನದಲ್ಲಿ, ವಿಶೇಷವಾಗಿ ಮಿಲ್ಟನ್ ಕವಿಯ ಬರೆವಣಿಗೆಯಲ್ಲಿ. 1652ರ ಹೊತ್ತಿಗೆ ಎರಡು ಕಣ್ಣುಗಳನ್ನೂ ಸಂಪೂರ್ಣವಾಗಿ ಕಳೆದುಕೊಂಡ ಆ ಮಹಾನುಭಾವನು, ಅನ್ಯರಿಗೆ ಹೇಳಿ ಬರೆಯಿಸಿ 1667ರಲ್ಲಿ ಪ್ರಕಟಿಸಿದ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಲ್ಲಿ ಈ ಪದವನ್ನು ಮತ್ತೆ ಮತ್ತೆ ಬಳಸಿದ್ದಾನೆಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಒಂದು ಕ್ಷಣ ನಿಂತುಬಿಡುವುದುಂಟು. ವಿಷಾದವೆಂಬ ಅರ್ಥ ಆ ನಾಮಪದಕ್ಕೆ ಗಟ್ಟಿಯಾಗಿ ಅಂಟಿಕೊಂಡುದು ಅದಕ್ಕೂ ಈಚೆಗೆ, ಹದಿನೆಂಟನೆಯ ಶತಮಾನದಲ್ಲಿ. ಎಂದರೆ, ಮನುಷ್ಯನ ಹುಬ್ಬಿನ ಗಂಟಿನಲ್ಲಿ ಹುಟ್ಟಿದ ಪದ ಕಾಡಿಗೆ ಹೋಗಿ, ಪಾತಾಳಕ್ಕೆ ಇಳಿದು, ಕೊನೆಗೆ ಎದೆಯೊಳಕ್ಕೆ ಬಂದು ಸೇರಿತು. ಸ್ಕಾಟ್ಲೆಂಡಿನವರು ಮುಸ್ಸಂಜೆಯನ್ನು ಕರೆಯುವ ಗ್ಲೋಮಿಂಗ್ ಎಂಬ ಪದವೂ ಇದರ ಒಡಹುಟ್ಟೆಂದು ಕಿವಿಗೆ ಅನಿಸುತ್ತದೆ. ಆದರೆ ಅದರ ಮೂಲ ಬೇರೆ ಎಂಬುದು ಪಂಡಿತರ ಅಭಿಪ್ರಾಯ.

ಈ ಪದವು ಶುದ್ಧವಾದ ಅಂಧಕಾರವನ್ನು ಹೇಳುವುದಿಲ್ಲ. ದೀಪವಿಲ್ಲದ ಅಮಾವಾಸ್ಯೆಯ ರಾತ್ರಿ ಕತ್ತಲೆಯೇ ಹೊರತು ಗ್ಲೂಮ್ ಅಲ್ಲ. ಇರಬೇಕಾದ ಬೆಳಕು ಇರುವ ಹೊತ್ತಿನಲ್ಲಿ ಇಲ್ಲದಿರುವುದು, ವಸ್ತುಗಳ ರೂಪ ಕಂಡೂ ಬಣ್ಣ ಕಾಣದಿರುವುದು ಅದರ ಲಕ್ಷಣ. ಅಂತೆಯೇ ಅದು ಶೋಕವೂ ಅಲ್ಲ. ಶೋಕಕ್ಕೆ ಒಂದು ಕಾರಣವುಂಟು, ಸತ್ತವರ ಹೆಸರುಂಟು, ಅಳುವಿಗೆ ಒಂದು ಆರಂಭವೂ ಅಂತ್ಯವೂ ಉಂಟು; ಇದಕ್ಕಾದರೋ ಹೇಳಿಕೊಳ್ಳತಕ್ಕ ಕಾರಣವಿರಬೇಕೆಂಬ ನಿಯಮವಿಲ್ಲ, ಕಣ್ಣೀರಂತೂ ಬೇಕಿಲ್ಲ. ಮುಂದೆ ಒಳ್ಳೆಯದಾಗುವುದೆಂಬ ನಂಬಿಕೆ ಸಡಿಲವಾದಲ್ಲಿಯೂ ಇಂಗ್ಲಿಷಿನವರು ಇದನ್ನೇ ಬಳಸುತ್ತಾರೆ. ಷೇರುಪೇಟೆಗೂ ಚುನಾವಣೆಯಲ್ಲಿ ಸೋತ ಪಕ್ಷದ ಕಛೇರಿಗೂ ಈ ಪದ ಸಲ್ಲುವುದು ಆದುದರಿಂದಲೇ.

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ರಸಗಳಿಗೆ ಒಂದೊಂದು ಬಣ್ಣವನ್ನು ವಿಧಿಸಿರುವುದು ಯಕ್ಷಗಾನದ ನಾಡಿನವರಾದ ನಮಗೆ ಅಪರಿಚಿತವಲ್ಲ. ಅಲ್ಲಿ ಕಪ್ಪು ಬಣ್ಣವು ಭಯಾನಕಕ್ಕೆ ಸಂದಿದೆ. ಕರುಣಕ್ಕೆ ಹೇಳಿರುವುದು ಕಪೋತವರ್ಣ, ಪಾರಿವಾಳದ ಬೂದು ಬಣ್ಣ. ಕತ್ತಲೆಗೆ ನಾವು ಅಂಜುತ್ತೇವೆ, ಬೂದಿಗೆ ಕುಗ್ಗುತ್ತೇವೆ ಎಂಬ ಈ ವಿವೇಕ ಎಷ್ಟು ಸೂಕ್ಷ್ಮವಾದುದೆಂಬುದು, ಆಟಿಯ ಮಳೆಯಲ್ಲಿ ಕುಮಾರಪರ್ವತವು ಕಾಣಿಸುವ ಬಗೆಯನ್ನು, ಅಥವಾ ಕಾಣಿಸದಿರುವ ಬಗೆಯನ್ನು ಒಮ್ಮೆ ಸುಬ್ರಹ್ಮಣ್ಯದ ಪೇಟೆಯಲ್ಲಿ ನಿಂತು ನೋಡಿದವರಿಗೆ ತಿಳಿದೀತು.

ಇನ್ನು ನಮ್ಮ ನಿಘಂಟುಗಳ ಮಾತು. ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥ ಬರೆಯುವ ಸಾಹಸ 1824ರಲ್ಲಿ ಪ್ರಕಟವಾದ ರೀವ್ ಪಾದ್ರಿಯ ಕೋಶದಷ್ಟು ಹಿಂದಿನದು. ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟೂ 1894ರಲ್ಲಿ ಕಿಟ್ಟೆಲ್ ಅವರ ಮಹಾನಿಘಂಟೂ ಹೊರಬಂದುವು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಬಂದಿತು. ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ತಮ್ಮ ಅಸಂಖ್ಯ ಕೆಲಸಗಳ ನಡುವೆ ‘ಸಿರಿಗನ್ನಡ ಅರ್ಥಕೋಶ’ವನ್ನೂ ರಚಿಸಿದರು. ಈ ಮಹನೀಯರ ಋಣವನ್ನು ತೀರಿಸುವುದು ಸಾಧ್ಯವಿಲ್ಲ. ಆದರೆ ಕೋಶವೆಂಬ ಪ್ರಕಾರಕ್ಕೇ ಒಂದು ಇತಿಮಿತಿಯುಂಟು: ಒಂದನೆಯ ಅರ್ಥ ಕತ್ತಲೆ, ಎರಡನೆಯ ಅರ್ಥ ದುಃಖ ಎಂದು ಅದು ಪದವನ್ನು ಸೀಳಿ ಇಡಲೇಬೇಕಾಗುತ್ತದೆ. ಸೀಳಿದ ಮೇಲೆ ಆ ಪದದ ಜೀವವಾದ ಜೋಡಣೆಯೇ ಕಳೆದುಹೋಗುತ್ತದೆ. ವಿದ್ಯಾರ್ಥಿಯು ಎರಡರಲ್ಲಿ ಒಂದನ್ನು ಆರಿಸಿಕೊಂಡು, ದುಃಖಪಡುವ ಕಾಡನ್ನೋ ಕತ್ತಲಾದ ಮುಖವನ್ನೋ ಬರೆದುಕೊಂಡು ಶಾಲೆಗೆ ಹೋಗುತ್ತಾನೆ.

ಹಾಗೆಂದು ಕನ್ನಡದಲ್ಲಿ ಎರಡನ್ನೂ ಒಟ್ಟಿಗೆ ಹೇಳುವ ಪದಗಳಿಲ್ಲವೆ? ಧಾರಾಳವಾಗಿವೆ. ಹಳಗನ್ನಡದ ಮರ್ಬು ಎಂಬುದು, ಕರ್ಬು ಕಬ್ಬಾದಂತೆ, ಮಬ್ಬಾಗಿ ನಮ್ಮ ನಾಲಿಗೆಗೆ ಬಂದಿದೆ. ತೆಲುಗರ ಮಬ್ಬು ಆಕಾಶದ ಮೋಡ. ನಮ್ಮ ಮಬ್ಬು ಬೆಳಗಿನ ಜಾವದ ಅರೆಬೆಳಕೂ ಹೌದು, ಕಣ್ಣಿನ ಮಸುಕೂ ಹೌದು, ಬುದ್ಧಿಯ ಜಡತೆಯೂ ಹೌದು. ಮಂಕು ಎಂಬುದು ದೀಪಕ್ಕೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ, ಡಿ.ವಿ.ಗುಂಡಪ್ಪನವರು 1943ರಲ್ಲಿ ತಮ್ಮ ತಿಮ್ಮನಿಗೆ ಅದನ್ನೇ ವಿಶೇಷಣವಾಗಿ ಕೊಟ್ಟು ಅದಕ್ಕೊಂದು ಗೌರವವನ್ನೇ ತಂದರು. ಸಂಸ್ಕೃತದಿಂದ ಬಂದ ಪದಗಳ ಹಾದಿ ಬೇರೆ. ಮ್ಲಾನವೆಂದರೆ ಬಾಡಿದುದು, ವಿಷಾದವೆಂದರೆ ಧಾತ್ವರ್ಥದಲ್ಲಿ ಕುಸಿದು ಕುಳಿತುಕೊಳ್ಳುವಿಕೆ, ಗೀತೆಯ ಮೊದಲನೆಯ ಅಧ್ಯಾಯದ ಕೊನೆಗೆ ಬಿಲ್ಲನ್ನು ಕೆಳಗಿಟ್ಟು ರಥದಲ್ಲಿ ಕುಳಿತುಬಿಟ್ಟ ಅರ್ಜುನನು ಆ ಪದದ ಪ್ರತ್ಯಕ್ಷ ಚಿತ್ರ, ತಮಸ್ಸು ಒಂದೇ ಕತ್ತಲೆಯೂ ಹೌದು, ಮೂರು ಗುಣಗಳಲ್ಲಿ ಜಾಡ್ಯದ ಗುಣವೂ ಹೌದು. ಗ್ರೀಕರಾದರೋ ವಿಷಣ್ಣತೆಗೆ ದೇಹದೊಳಗಿನ ಕಪ್ಪು ಪಿತ್ತವೇ ಕಾರಣವೆಂದು ಬಗೆದು ಮೆಲಾಂಕೊಲಿ ಎಂಬ ಪದವನ್ನು ಜಗತ್ತಿಗೆ ಕೊಟ್ಟರು. ಕತ್ತಲೆಗೂ ಕೊರಗಿಗೂ ನಂಟನ್ನು ಕಾಣದ ಜನಾಂಗವೇ ಇಲ್ಲವೇನೋ ಎನ್ನುವಷ್ಟು ವ್ಯಾಪಕವಾದ ಭಾವನೆಯಿದು.

ಆದರೆ ಈ ನಾಮಪದಗಳನ್ನೆಲ್ಲ ಒಂದೊಂದಾಗಿ ತೂಗಿ ನೋಡಿದ ಮೇಲೂ ನನಗೆ ತೃಪ್ತಿಯಾಗಲಿಲ್ಲ. ಚಿಕ್ಕಮ್ಮನ ಮನೆಯಿಂದ ಮರಳಿ ಬರುವಾಗ, ಪುತ್ತೂರಿನ ಬಸ್ಸಿನ ಕಿಟಕಿಯ ಗಾಜಿನ ಆಚೆಗೆ ಮಳೆ ನೋಡುತ್ತ, ಹತ್ತಾರು ವಾಕ್ಯಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮೋಡ ಕವಿಯಿತು. ಕತ್ತಲೆ ಕವಿಯಿತು. ಮಂಕು ಕವಿಯಿತು. ದುಃಖ ಕವಿಯಿತು. ನಿದ್ದೆ ಕವಿಯಿತು. ಮನೆಯ ಮೇಲೆ, ಮುಖದ ಮೇಲೆ, ಊರಿನ ಮೇಲೆ ಅದೇನೋ ಕವಿಯಿತು. ನಾಮಪದ ಯಾವುದೇ ಆಗಲಿ, ಅದನ್ನು ಹೊತ್ತು ತಂದು ನಮ್ಮ ಮೇಲೆ ಮೆಲ್ಲನೆ ಹಾಸುವ ಕೆಲಸವನ್ನು ಒಂದೇ ಕ್ರಿಯಾಪದ ಮಾಡುತ್ತಿರುವುದು ಆಗ ಗೋಚರವಾಯಿತು. ಇಂಗ್ಲಿಷು ನಾಮಪದದಲ್ಲಿ ಇರಿಸಿರುವ ಗುಟ್ಟನ್ನು ಕನ್ನಡವು ಕ್ರಿಯಾಪದದಲ್ಲಿ ಇರಿಸಿದೆ. ನಾವು ಅದನ್ನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೆವು.

ಕವಿ ಎಂಬ ಈ ಧಾತುವಿನ ಗುಣವನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಬಟ್ಟೆ ಮುಚ್ಚಿದಂತೆ ಅದು ಮುಚ್ಚುವುದಿಲ್ಲ. ಗೋಡೆ ಮರೆಮಾಡಿದಂತೆ ಮರೆಮಾಡುವುದೂ ಇಲ್ಲ. ಅದು ಮೇಲಿನಿಂದ ಬರುತ್ತದೆ, ಎಲ್ಲ ಕಡೆಯಿಂದ ಬರುತ್ತದೆ, ಮೆಲ್ಲಗೆ ಬರುತ್ತದೆ. ಬಂದುದರ ಗಡಿ ಎಲ್ಲಿಯೆಂದು ತೋರಿಸುವುದಕ್ಕೆ ಆಗುವುದಿಲ್ಲ. ಅದಕ್ಕೆ ಕರ್ತೃ ಮನುಷ್ಯನಲ್ಲ. ‘ನಾನು ದುಃಖಪಟ್ಟೆ’ ಎನ್ನುವಲ್ಲಿ ನಾನೊಂದು ಕೆಲಸ ಮಾಡಿದಂತಾಗುತ್ತದೆ. ‘ನನಗೆ ಮಂಕು ಕವಿಯಿತು’ ಎನ್ನುವಲ್ಲಿ ನಾನು ಏನನ್ನೂ ಮಾಡಲಿಲ್ಲ, ಅದು ಬಂದಿತು, ನಾನು ಅದರ ಕೆಳಗೆ ಇದ್ದೆ. ಕವಿದುದು ತಾನಾಗಿಯೇ ಕರಗಬೇಕು, ಚದುರಬೇಕು, ಹರಿಯಬೇಕು. ‘ಮೋಡ ಹರಿಯಿತು’, ‘ಮಂಪರು ಹರಿಯಿತು’ ಎನ್ನುವಂತೆ, ಈ ಕ್ರಿಯೆಯು ತನ್ನ ಜೊತೆಯಲ್ಲಿಯೇ ತನ್ನ ನಿವೃತ್ತಿಯನ್ನೂ ಸೂಚಿಸಿಕೊಂಡು ಬರುತ್ತದೆ.

ಪುತ್ತೂರು, ಕಡಬ, ಸುಳ್ಯ ಎಂಬ ಈ ಮೂರು ತಾಲೂಕುಗಳ ಭೂಮಿಯನ್ನು ನೋಡಿದರೆ, ಇಂಥ ಕ್ರಿಯಾಪದ ಇಲ್ಲಿಯವರಿಗೆ ಎಷ್ಟು ಅವಶ್ಯವಾಗಿತ್ತೆಂಬುದು ಅರ್ಥವಾಗುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುರಿಯುವ ಮಳೆ ಸರಾಸರಿ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು. ಅದರ ಬಹುಭಾಗ ಜೂನ್‌ನಿಂದ ಸಪ್ಟೆಂಬರಿನೊಳಗೆ ಬಂದು ಮುಗಿಯುತ್ತದೆ. ಪಶ್ಚಿಮದ ಕಡಲಿನಿಂದ ಏರಿಬರುವ ಮೋಡಗಳನ್ನು ಘಟ್ಟದ ಗೋಡೆ ತಡೆದು ನಿಲ್ಲಿಸುತ್ತದೆ. ಆ ಗೋಡೆಯ ಬುಡದಲ್ಲಿಯೇ ಇರುವ ಸುಬ್ರಹ್ಮಣ್ಯಕ್ಕೆ, ಒಣ ದಿನಗಳಲ್ಲಿಯೂ, 1712 ಮೀಟರ್ ಎತ್ತರದ ಕುಮಾರಪರ್ವತವನ್ನು ದಾಟಿ ಸೂರ್ಯನು ಬರುವುದು ತಡವಾಗಿ. ತೋಟಗಳು ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ತೋಡಿನ ಬದಿಯಲ್ಲಿ. ಅಡಕೆಯ ಸೋಗೆಗಳ ಕೆಳಗೆ ಬಾಳೆ, ಬಾಳೆಯ ಕೆಳಗೆ ಏಲಕ್ಕಿ ಅಥವಾ ಕೊಕ್ಕೊ, ಕಾಂಡಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿ. ಇಷ್ಟು ಜರಡಿಗಳನ್ನು ದಾಟಿ ನೆಲಕ್ಕೆ ಬೀಳುವ ಬೆಳಕು ಬಿಸಿಲುಗಾಲದಲ್ಲಿಯೂ ಹಸುರಾಗಿರುತ್ತದೆ, ಮಳೆಗಾಲದಲ್ಲಿ ಅದಕ್ಕೆ ಬಣ್ಣವೇ ಇರುವುದಿಲ್ಲ. ಆ ದಿನ ಚಿಕ್ಕಮ್ಮನ ಅಂಗಳದಿಂದ ತೋಟಕ್ಕೆ ಇಳಿದಾಗ ನಾನು ಕಂಡುದು ಇಷ್ಟೆ: ಪಾಚಿ ಕಟ್ಟಿದ ಮೆಟ್ಟಲು, ಕೊಳೆರೋಗಕ್ಕೆ ಉದುರಿದ ಎಳೆಯ ಕಾಯಿಗಳು ಬುಡದಲ್ಲಿ ಚೆಲ್ಲಿಕೊಂಡಿರುವುದು, ಅವುಗಳ ಮೇಲೆ ಬಿಳಿಯ ಬೂಷ್ಟು, ಅಲ್ಲೊಂದು ಇಲ್ಲೊಂದು ಮರಕ್ಕೆ ಮೈಲುತುತ್ತು-ಸುಣ್ಣದ ಮದ್ದು ಬಿಟ್ಟ ನೀಲಿಯ ಕಲೆ. ಇಡೀ ತೋಟದಲ್ಲಿ ಬಣ್ಣವೆಂಬುದು ಇದ್ದರೆ ಆ ನೀಲಿಯೊಂದೇ. ಮದ್ದಿನ ಎರಡನೆಯ ಸರದಿಗೆ ಎರಡು ದಿನ ಹೊಳವಾಗಬೇಕು, ಹೊಳವಾಗುವುದಿಲ್ಲ. ಜಗಲಿಯಲ್ಲಿ ಕುಳಿತ ಕೃಷಿಕನ ಮುಖವನ್ನೂ ಜಗಲಿಯ ಆಚೆಗಿನ ಆಕಾಶವನ್ನೂ ಒಂದೇ ಕ್ರಿಯಾಪದದಿಂದ ಹೇಳುವುದು ಇಲ್ಲಿ ಅಲಂಕಾರವಲ್ಲ, ವರದಿ.

ಆಟಿಯೆಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು. ಶುಭಕಾರ್ಯಗಳಿಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಗಳು ತವರಿಗೆ ಬರುತ್ತಾಳೆ, ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ತೊಗಟೆಯನ್ನು ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಆ ಕಹಿ ಕಷಾಯವನ್ನು ಮನೆಮಂದಿಯೆಲ್ಲ ಬರಿಹೊಟ್ಟೆಗೆ ಕುಡಿಯುತ್ತಾರೆ. ನಲಿಕೆ ಸಮುದಾಯದವರು ಆಟಿ ಕಳೆಂಜನ ವೇಷ ಧರಿಸಿ, ತಾಳೆಗರಿಯ ಕೊಡೆಯನ್ನು ತಿರುಗಿಸುತ್ತ ಮನೆಮನೆಯ ಅಂಗಳಕ್ಕೆ ಬಂದು ಕುಣಿದು, ಊರಿಗೆ ಕವಿದ ಮಾರಿಯನ್ನು ಕಳೆದು ಹೋಗುತ್ತಾರೆ. ಮನೆಯವರು ಅಕ್ಕಿ, ಉಪ್ಪು, ಮೆಣಸು, ಇದ್ದಿಲುಗಳನ್ನು ಕೊಟ್ಟು ಕಳುಹಿಸುತ್ತಾರೆ. ಬೆಳಕು ಕಡಿಮೆಯಾದ ಋತುವಿನಲ್ಲಿ ಕೆಲವರ ಮನಸ್ಸು ಕುಗ್ಗುವುದನ್ನು ಅಮೆರಿಕದ ವೈದ್ಯರು ಒಂದು ರೋಗಲಕ್ಷಣವಾಗಿ ವಿವರಿಸಿದುದು 1984ರಲ್ಲಿ. ಅದಕ್ಕೂ ಎಷ್ಟೋ ತಲೆಮಾರುಗಳ ಹಿಂದೆ, ತಿಂಗಳೊಂದನ್ನು ಗುರುತಿಸಿ, ಆ ತಿಂಗಳಲ್ಲಿ ಯಾರೂ ಒಬ್ಬಂಟಿಯಾಗಿ ಇರಬಾರದೆಂಬಂತೆ ಮಗಳನ್ನು ಮನೆಗೆ ಕರೆದು, ಅಂಗಳಕ್ಕೆ ಕುಣಿತವನ್ನು ತರಿಸಿದ ಈ ವ್ಯವಸ್ಥೆ ನನ್ನ ಕಣ್ಣಿಗೆ ಬಹು ದೊಡ್ಡದಾಗಿ ಕಾಣುತ್ತದೆ.

ಬೆಟ್ಟದ ಬುಡದ ಈ ಮಬ್ಬನ್ನು ಸಾಹಿತ್ಯಕ್ಕೆ ತಂದವರು ಕಾರಂತರು. 1943ರ ‘ಬೆಟ್ಟದ ಜೀವ’ದಲ್ಲಿ, ದಾರಿತಪ್ಪಿ ಕಾಡಿನ ನಡುವೆ ಹೊತ್ತು ಮುಳುಗಿಸಿಕೊಂಡ ನಿರೂಪಕನಿಗೆ ಆಶ್ರಯ ದೊರೆಯುವುದು ಗೋಪಾಲಯ್ಯನವರ ಮನೆಯಲ್ಲಿ. ಆ ಮುದುಕರು ನಗುತ್ತಾರೆ, ಉಪಚರಿಸುತ್ತಾರೆ, ಕಾಡು ಕಡಿದು ತೋಟ ಮಾಡಿದ ಉತ್ಸಾಹವನ್ನು ಹಂಚಿಕೊಳ್ಳುತ್ತಾರೆ. ಆದರೆ ಮನೆ ಬಿಟ್ಟು ಹೋದ ಮಗ ಶಂಭುವಿನ ಗೈರುಹಾಜರಿಯು ಆ ಎಲ್ಲ ನಗೆಯ ಮೇಲೂ, ಅವರ ಹೆಂಡತಿ ಶಂಕರಿಯ ಪ್ರತಿಯೊಂದು ಮಾತಿನ ಮೇಲೂ ಕವಿದುಕೊಂಡಿದೆ. ಅಲ್ಲಿ ಯಾರೂ ಗೋಳಾಡುವುದಿಲ್ಲ. ಶೋಕಕ್ಕೂ ಗ್ಲೂಮ್ ಎಂಬುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕಾದಾಗ ನಾನು ಈ ಕಾದಂಬರಿಯನ್ನೇ ಓದಲು ಹೇಳುತ್ತ ಬಂದಿದ್ದೇನೆ.

ಆಡುಮಾತಿನಲ್ಲಿ ನಮ್ಮ ಕಡೆಯವರಿಗೆ ಇನ್ನೊಂದು ಪದವುಂಟು: ಬೇಜಾರು. ಪಾರಸಿಯಿಂದ ಬಂದ ಈ ಪದಕ್ಕೆ ಘಟ್ಟದ ಮೇಲೆ ಹೊತ್ತು ಹೋಗದಿರುವುದು, ಜುಗುಪ್ಸೆ ಬರುವುದು ಎಂಬ ಅರ್ಥ ಮುಖ್ಯ. ಘಟ್ಟದ ಕೆಳಗೆ ಅದೇ ಪದ ದುಃಖಕ್ಕೂ, ನೋವಿಗೂ, ಸಾವಿನ ಮನೆಯ ಸಾಂತ್ವನಕ್ಕೂ ಸಲ್ಲುತ್ತದೆ. ತುಳುವರು “ಬೇಜಾರ್ ಮಲ್ಪೊಡ್ಚಿ” ಎಂದು ಕೈ ಹಿಡಿದು ಹೇಳುವಾಗ, ಅದನ್ನು ‘ಬೇಸರಪಡಬೇಡಿ’ ಎಂದು ಬರೆದರೆ ಅದರ ತೂಕ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಮೈಸೂರಿನಿಂದ ವರ್ಗವಾಗಿ ಸುಳ್ಯಕ್ಕೆ ಬಂದ ಒಬ್ಬ ಮಿತ್ರರು, ತಂದೆ ತೀರಿಹೋದ ಹುಡುಗನೊಬ್ಬನು ತನಗೆ ತುಂಬ ಬೇಜಾರಾಗಿದೆಯೆಂದು ರಜೆ ಕೇಳಿದುದನ್ನು ಮೊದಲಿಗೆ ಅರ್ಥಮಾಡಿಕೊಳ್ಳಲಾರದೆ ಹೋದೆನೆಂದು ಬಹಳ ನೊಂದುಕೊಂಡು ನನ್ನೊಡನೆ ಹೇಳಿದ್ದರು.

ವೃತ್ತಪತ್ರಿಕೆಗಳ ಭಾಷೆಯ ಬಗ್ಗೆ ಒಂದು ಮಾತು. ಊರಿಗೆ ದುರ್ಘಟನೆ ಸಂಭವಿಸಿದಾಗ ನಮ್ಮ ವರದಿಗಳು ‘ಶೋಕಸಾಗರ’ದಲ್ಲಿ ಮುಳುಗುತ್ತವೆ, ‘ನೀರವ ಮೌನ’ವನ್ನು ಕಾಣುತ್ತವೆ. ನೀರವವೆಂದರೇ ಸದ್ದಿಲ್ಲದುದು, ಸದ್ದುಳ್ಳ ಮೌನ ಉಂಟೇ? ಅದೇ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಮಾರುಕಟ್ಟೆಯಲ್ಲಿ ಮಂಕು’ ಎಂದು ಬರೆಯುವವರು ಮಾತ್ರ ಸರಿಯಾದ ಪದವನ್ನೇ ಹಿಡಿದಿದ್ದಾರೆ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಭಾಗಗಳಲ್ಲಿ ಅಡಕೆಗೆ ತಗಲಿದ ಹಳದಿ ಎಲೆ ರೋಗವನ್ನು ನೋಡಿದವರು ಈ ಮಂಕನ್ನು ಬಲ್ಲರು. ಮರ ಒಂದೇ ಸಲಕ್ಕೆ ಸಾಯುವುದಿಲ್ಲ; ಸೋಗೆ ಹಳದಿಯಾಗುತ್ತದೆ, ತಲೆ ಸಣ್ಣದಾಗುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಖಚಿತವಾದ ಮದ್ದು ಇನ್ನೂ ದೊರೆತಿಲ್ಲ. ಅಂಥ ತೋಟದ ಮನೆಯಲ್ಲಿ ದುರಂತವೆಂದು ಹೇಳತಕ್ಕ ಒಂದು ದಿನವೇ ಇಲ್ಲ. ‘ತೋಟ ಕಳೆಗುಂದಿತು’ ಎನ್ನುತ್ತಾರೆ, ‘ಮನೆಯೂ ಕಳೆಗುಂದಿತು’ ಎನ್ನುತ್ತಾರೆ. ಕಳೆಯೆಂದರೆ ಕಾಂತಿ, ಚಂದ್ರನ ಕಲೆ.

ಕವಿದುದು ಹರಿಯದೆಯೂ ಇರಬಹುದೆಂಬುದನ್ನು ಇಲ್ಲಿ ಹೇಳದೆ ಬಿಡಲಾರೆ. ಖಿನ್ನತೆಯೆಂಬ ಪದವನ್ನು ಈಗ ವೈದ್ಯಶಾಸ್ತ್ರವು ತನ್ನದಾಗಿ ಮಾಡಿಕೊಂಡಿದೆ, ಅದು ಯುಕ್ತವೂ ಆಗಿದೆ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದ ದಿನವೇ ಡಿಪ್ರೆಶನ್ ಎನ್ನುವ ಎಳೆಯರು ಒಂದು ಕಡೆ. ವಾರಗಟ್ಟಲೆ ಉಣ್ಣದೆ ನಿದ್ರಿಸದೆ ಕುಳಿತವರನ್ನು ‘ಅವನಿಗೆ ಸ್ವಲ್ಪ ಬೇಜಾರು, ಮಳೆ ಬಿಟ್ಟರೆ ಸರಿಯಾಗುತ್ತದೆ’ ಎಂದು ಹಾಗೆಯೇ ಬಿಡುವ ಹಿರಿಯರು ಇನ್ನೊಂದು ಕಡೆ. ಮಂಕಿಗೆ ಮಂಕೆಂದೂ ಖಿನ್ನತೆಗೆ ಖಿನ್ನತೆಯೆಂದೂ ಹೆಸರಿಡುವ ವಿವೇಕ ಮನೆಯವರಿಗೆ ಇದ್ದಲ್ಲಿ, ವೈದ್ಯರ ಬಳಿಗೆ ಹೋಗುವ ದಾರಿ ಎಷ್ಟೋ ಹತ್ತಿರವಾಗುತ್ತದೆ.

ಆ ಅಪರಾಹ್ನ ನಾನು ಹುಡುಗಿಗೆ ಕೊಟ್ಟ ಉತ್ತರದಲ್ಲಿ ಇದಾವುದೂ ಇರಲಿಲ್ಲ. “ಹೊರಗೆ ನೋಡು, ಮಗಾ,” ಎಂದೆ, “ಆಮೇಲೆ ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀ ಎಂದು ನೀನೇ ಯೋಚಿಸು.” ಅವಳು ಅಂಗಳದ ಆಚೆಗೆ, ಗುಡ್ಡವಿರಬೇಕಾದ ಕಡೆಗೆ ನೋಡಿದಳು. ಚಿಕ್ಕಮ್ಮ ಬೀಜದ ಗೆರಸೆಯನ್ನು ಬದಿಗೆ ಸರಿಸಿ, ಗೋಡೆ ಹಿಡಿದು ಎದ್ದು, ಚಿಮಿಣಿ ದೀಪದ ಬತ್ತಿಯನ್ನು ಬೆರಳಿನಿಂದ ಮೇಲಕ್ಕೆಳೆದು ಕಡ್ಡಿ ಗೀರಿದಳು. ಅದು ಹತ್ತಿಕೊಳ್ಳಲಿಲ್ಲ, ಪೆಟ್ಟಿಗೆಗೆ ಥಂಡಿ ಹಿಡಿದಿತ್ತು. ಮೂರನೆಯ ಕಡ್ಡಿಗೆ ಹತ್ತಿತು. ಹುಡುಗಿ ಆ ಬೆಳಕಿಗೆ ಪುಸ್ತಕವನ್ನು ತಿರುಗಿಸಿಕೊಂಡು, ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, ಮೊದಲು ಬರೆದಿದ್ದ ‘ಕತ್ತಲೆ’ಯನ್ನು ಅಳಿಸಿ, ‘ಕವಿದದ್ದು’ ಎಂದು ಬರೆದುಕೊಂಡಳು.